ಊರಿಗೆಲ್ಲ ಸೋದರಮಾವ

ನಮ್ಮ ಮಾಮ ಸೀಟಿ ಊದದೆ ಒಂದು ದಿನ ಕಳೆದದ್ದನ್ನು ಕಂಡವರು ಯಾರಾದರೂ ಇದ್ದರೆ ಮುಂದೆ ಬನ್ನಿ, ನಿಮ್ಮ ಹೆಸರಿನಲ್ಲಿ ನಾನೇ ಹುಲಿಗಿಗೆ ಹೋಗಿ ಕಾಯಿ ಒಡೆಸಿಕೊಂಡು ಬರುತ್ತೇನೆ. ಮಾಮ ಎಂದರೆ ನಮ್ಮವ್ವನ ಬೆನ್ನಿಗೆ ಬಿದ್ದ ತಮ್ಮ, ಗಿಣಿಗೇರಾ ಹತ್ತಿರದ ಒಂದು ಹಳ್ಳಿಯ ಶಾಲೆಯಲ್ಲಿ ಪಿ.ಟಿ. ಮಾಸ್ತರ. ಉಳಿದ ಮಾಸ್ತರರಿಗೆ ಸೀಟಿ ಕೊರಳಲ್ಲಿ ತೂಗಾಡುತ್ತದೆ, ಇವನದು ಸದಾ ತುಟಿಗಳ ನಡುವೆ! ಮಾತಾಡುವಾಗ ಮಾತ್ರ ಅದನ್ನು ಬಾಯಿಯ ಒಂದು ಮೂಲೆಗೆ ಸರಿಸುತ್ತಾನೆ. ನಮ್ಮ ಅಕ್ಕನ ಮದುವೆಯಲ್ಲಿ ಊಟಕ್ಕೆ ನೂಕುನುಗ್ಗಲಾದಾಗ ಒಂದೇ ಒಂದು ಸಲ ಊದಿದ ನೋಡಿ, ಬೀಗರ ಕಡೆಯವರೆಲ್ಲ ಎತ್ತರಕ್ಕೆ ತಕ್ಕಂತೆ ಸಾಲು ಹಿಡಿದು ನಿಂತುಬಿಟ್ಟರು. ವರನ ತಂದೆ ಗಿಡ್ಡ ಆಸಾಮಿ. ಎಲ್ಲರಿಗಿಂತ ಮುಂದೆ ನಿಂತು ಮೊದಲ ಹೋಳಿಗೆ ಅವರೇ ತಿಂದರು. ಆ ಮದುವೆಯಲ್ಲಿ ಬೀಗರಿಂದ ಒಂದು ತಕರಾರೂ ಬರಲಿಲ್ಲ.

ಸೀಟಿಗಿಂತ ದೊಡ್ಡದು ಅವನ ಹಟ. ಶಾಲೆಗೆ ಖೋಖೋ ಕಂಬ ಬೇಕೆಂದು ಪಂಚಾಯತಿಗೆ ಅಲೆದು ಅಲೆದು ಸಾಕಾಗಿ, ಕೊನೆಗೆ ಮಕ್ಕಳನ್ನೆಲ್ಲ ಕರೆದುಕೊಂಡು ಹೋಗಿ ಪಂಚಾಯತಿ ಅಂಗಳದಲ್ಲೇ ಡ್ರಿಲ್ ಶುರು ಮಾಡಿದ. ಒಳಗೆ ಸಭೆ, ಹೊರಗೆ ಸೀಟಿ. ಅಧ್ಯಕ್ಷರು ಕಂಬ ಮಂಜೂರು ಮಾಡದೆ ಇನ್ನೇನು ಮಾಡಿಯಾರು? ಬೇಡಿದ್ದಕ್ಕಿಂತ ಒಂದು ಹೆಚ್ಚಿಗೆಯೇ ಕೊಟ್ಟು ಕಳಿಸಿದರಂತೆ.

ಇಂಥ ಮಾಮ ಒಂದು ವರ್ಷ ನೆಗಡಿಯ ಮೇಲೆ ಯುದ್ಧ ಸಾರಿದ.

ನೀವು ನಗುತ್ತೀರಿ. ನಾನೂ ನಕ್ಕಿದ್ದೆ. ಆಗ ನಾನು ನೌಕರಿಯ ನೆಪದಲ್ಲಿ ಕೊಪ್ಪಳದ ಅವನ ಮನೆಯಲ್ಲೇ ಇದ್ದೆ. ರಾತ್ರಿ ಊಟಕ್ಕೆ ಕೂತಾಗೆಲ್ಲ ನೆಗಡಿಯದೇ ಮಾತು. ಕಾರಣ ಗೊತ್ತಾದ ಮೇಲೆ ನನ್ನ ನಗು ನಿಂತಿತು. ಹಿಂದಿನ ಮಳೆಗಾಲದಲ್ಲಿ ಅವನ ಶಾಲೆಯ ಒಬ್ಬ ಪುಟ್ಟ ಹುಡುಗಿಗೆ ನೆಗಡಿ, ಜ್ವರ ಬಂದು ಎದೆಗಿಳಿದಿತ್ತು. ಮೊದಲೇ ಎದೆ ನಾಜೂಕು, ಓಡಿದರೆ ದಮ್ಮು. ಉಸಿರು ಸಿಗದೆ ತುಟಿ ನೀಲಿಯಾದಾಗ ಅಪ್ಪ ಕಾರ್ಖಾನೆಯ ಪಾಳಿಯಲ್ಲಿದ್ದ. ಮಾಮನೇ ಹುಡುಗಿಯನ್ನೂ ಅವಳ ತಾಯಿಯನ್ನೂ ಬೈಕಿನ ಮೇಲೆ ಕೂಡಿಸಿಕೊಂಡು ಕೊಪ್ಪಳದ ಆಸ್ಪತ್ರೆಗೆ ತಂದ. ಹುಡುಗಿ ಬದುಕಿದಳು. ಆದರೆ ಮಕ್ಕಳ ಡಾಕ್ಟರರು, ಇದು ಬರೀ ನೆಗಡಿಯಲ್ಲ, ಫ್ಲೂ. ಇನ್ನೊಮ್ಮೆ ಹೀಗೆ ಬಂದರೆ ಈ ಎದೆ ತಡೆಯುವುದು ಕಷ್ಟ ಎಂದಿದ್ದರು. ಮಳೆಗಾಲ ಜೋರಾಗುವ ಮುಂಚೆ ಲಸಿಕೆ ಹಾಕಿಸಬೇಕು, ಸುತ್ತಲಿನ ಮಕ್ಕಳಿಗೂ ಹಾಕಿಸಿದರೆ ಅವಳಿಗೆ ಇನ್ನೂ ಒಳ್ಳೆಯದು ಎಂದೂ ಹೇಳಿದ್ದರು. ಅಷ್ಟು ಸಾಕಾಯಿತು ಮಾಮನಿಗೆ.

ಡಾಕ್ಟರರ ಬೆನ್ನು ಬಿದ್ದ. ದಿನಾ ಶಾಲೆ ಬಿಟ್ಟ ಮೇಲೆ ಅವರ ದವಾಖಾನೆಯಲ್ಲಿ ರೋಗಿಗಳ ನಡುವೆ ಹೋಗಿ ಕೂಡುತ್ತಿದ್ದ. ಸೀಟಿ ಊದುತ್ತಿರಲಿಲ್ಲ; ಇನ್ನೇನು ಊದುವವನ ಹಾಗೆ ಕೂಡುತ್ತಿದ್ದ, ಅಷ್ಟೇ. ಆ ಯಾತನೆ ಅನುಭವಿಸಿದವರಿಗೇ ಗೊತ್ತು! ಕೊನೆಗೆ ಡಾಕ್ಟರರು ತಮ್ಮ ಗೆಳೆಯರನ್ನೆಲ್ಲ ಕೂಡಿಸಿ ಇಡೀ ಶಾಲೆಗೆ ಪುಕ್ಕಟೆ ಲಸಿಕೆ ಹಾಕಲು ಒಪ್ಪಿದರು. ತಂದೆತಾಯಿಗಳ ಒಪ್ಪಿಗೆ ಬೇಕು, ಮತ್ತು ಸಣ್ಣ ಮಕ್ಕಳಿಗೆ ಮೊದಲ ವರ್ಷ ತಿಂಗಳು ಬಿಟ್ಟು ಇನ್ನೊಮ್ಮೆ ಹಾಕಬೇಕು, ತಪ್ಪಿಸಬಾರದು ಎಂದರು. ತಪ್ಪಿಸುವ ಪದ್ಧತಿ ನಮ್ಮ ಶಾಲೆಯಲ್ಲಿಲ್ಲ ಎಂದು ಮಾಮ ಎದೆ ಉಬ್ಬಿಸಿ ಬಂದ.

ಊರಿನ ತಂದೆತಾಯಿಗಳು ಬೇರೆ ಮಾತು ಹೇಳಿದರು. ನೆಗಡಿಗೂ ಸೂಜಿಯೇ? ಮೂಗು ಸೀನಿದರೆ ಹೋಗುವುದಕ್ಕೆ ದವಾಖಾನೆಯೇ? ಕಾರ್ಖಾನೆಯಿಂದ ಪಾಳಿ ಮುಗಿಸಿ ಬಂದ ಒಬ್ಬ ಚಹಾದಂಗಡಿಯಲ್ಲಿ ಮಾಮನಿಗೆ ಸಮಾಧಾನ ಹೇಳಿದ. “ಮಾಸ್ತರ್ರ, ಹೊಗಿ ನುಂಗಿ ಬೆಳೆದ ಹುಡುಗ್ರು ಇವ್ರು. ಇವರನ್ನ ನೋಡಿ ನೆಗಡೀನ ಅಂಜತೈತಿ.”

ಮಾಮ ಜಗ್ಗಲಿಲ್ಲ. ಬೆಳಿಗ್ಗೆ ಒಂದು ಓಣಿ, ಸಂಜೆ ಒಂದು ಓಣಿ. ಕೈಕಾಲಿಗೆ ಬಿದ್ದು ಒಬ್ಬೊಬ್ಬರನ್ನೇ ಒಪ್ಪಿಸುತ್ತ ಕಡೆಗೆ ಆ ಹುಡುಗಿಯ ಅಜ್ಜಿಯ ಮುಂದೆ ಬಂದು ನಿಂತ. ಅಪ್ಪನ ತಾಯಿ ಆಕೆ, ಓಣಿಗೇ ಹಿರಿಯಳು. ಅವಳು ತಲೆಯಾಡಿಸದೆ ಆ ಓಣಿಯಲ್ಲಿ ಎಮ್ಮೆ ಕೂಡ ಕರು ಹಾಕುವುದಿಲ್ಲ ಎಂದು ಮಾತು. ಈ ಸೂಜಿಯನ್ನು ಪ್ರತಿ ವರ್ಷ ಹಾಕಿಸಬೇಕಂತಲ್ಲ, ಹೋದ ವರ್ಷದ್ದು ಏನಾಗುತ್ತದೆ ಎಂದು ಅಜ್ಜಿ ಪಾಟೀಸವಾಲು ಹಾಕಿದಳು.

“ನೆಗಡಿ ವರ್ಷಾ ವರ್ಷಾ ಅಂಗಿ ಬದ್ಲಿ ಮಾಡ್ಕೊಂಡು ಬರತೈತಿ ಯವ್ವಾ,” ಎಂದ ಮಾಮ. “ಹಳೇ ಗುರ್ತು ನಡಿಯೂದಿಲ್ಲ.”

ಅಜ್ಜಿ ಹೂಂ ಅನ್ನಲಿಲ್ಲ, ಉಹೂಂ ಅನ್ನಲಿಲ್ಲ. ನೋಡೋಣ ಎಂದಳು. ಅಜ್ಜಿಯ ‘ನೋಡೋಣ’ಕ್ಕೆ ಊರಲ್ಲಿ ಒಂದೇ ಅರ್ಥ, ಮತ್ತು ಅದು ಒಳ್ಳೆಯ ಅರ್ಥವಲ್ಲ.

ಲಸಿಕೆಯ ದಿನ ನಾನೂ ರಜೆ ಹಾಕಿ ಹೋಗಿದ್ದೆ. ರಜೆ ಹಾಕಿಸಿದವನು ಮಾಮ ಎಂದು ಬೇರೆ ಹೇಳಬೇಕೆ? ಮಂಜುಗಡ್ಡೆಯ ಡಬ್ಬಿ ಹಿಡಿದು ಡಾಕ್ಟರರೂ ನರ್ಸಮ್ಮನೂ ಇಳಿದದ್ದೇ ತಡ, ಅಂಗಳದಲ್ಲಿದ್ದ ಮಕ್ಕಳು ಮಂಗಮಾಯ! ಕೆಲವರು ನೀರಿನ ಟಾಕಿಯ ಹಿಂದೆ, ಕೆಲವರು ಬೇವಿನ ಮರದ ಮೇಲೆ. ಮಾಮ ಸೀಟಿ ಊದಿದ. ಯಾರೂ ಬರಲಿಲ್ಲ. ಇನ್ನೊಮ್ಮೆ ಊದಿದ. ಮರದ ಮೇಲಿದ್ದವರು ಇನ್ನೂ ಮೇಲಕ್ಕೆ ಹತ್ತಿದರು. ಮಾಮನ ನೌಕರಿಯಲ್ಲೇ ಇಂಥ ಅವಮಾನ ಆಗಿರಲಿಲ್ಲ. ಪಡಸಾಲೆಯಲ್ಲಿ ಓಣಿಯ ಹೆಂಗಸರೆಲ್ಲ ಅಜ್ಜಿಯ ಹಿಂದೆ ಗುಂಪುಗೂಡಿ ನಿಂತಿದ್ದರು. ಇಷ್ಟು ಛಲೋ ಔಷಧವಾದರೆ ಮಾಸ್ತರರೇ ಮೊದಲು ಹಾಕಿಸಿಕೊಳ್ಳಲಿ ಎಂದಳು ಅಜ್ಜಿ.

ಇಲ್ಲಿ ನಮ್ಮ ಮನೆತನದ ಒಂದು ಗುಟ್ಟು ಹೇಳಲೇಬೇಕು. ಮಾಮನಿಗೆ ಸೂಜಿ ಕಂಡರೆ ಜೀವ ಹೋಗುತ್ತದೆ! ನನ್ನ ಕಿವಿ ಚುಚ್ಚಿಸುವ ದಿನ ನಾನು ಅತ್ತೆನಂತೆ, ಅವನು ಮೂರ್ಛೆ ಹೋದನಂತೆ. ಕಿವಿ ಚುಚ್ಚಲು ಬಂದ ಪತ್ತಾರ ನನ್ನನ್ನು ಬಿಟ್ಟು ಅವನ ಮುಖಕ್ಕೆ ನೀರು ಚಿಮುಕಿಸಿದನಂತೆ. ಅಂಥವನು ಆ ದಿನ ಅಂಗಿಯ ತೋಳು ಮಡಚಿ, ಕಣ್ಣು ಬಿಗಿಯಾಗಿ ಮುಚ್ಚಿ, ನರ್ಸಮ್ಮನ ಮುಂದೆ ನಿಂತ. ಸೀಟಿ ಎಂದಿನಂತೆ ಬಾಯಲ್ಲೇ ಇತ್ತು. ಸೂಜಿ ಒಳಗೆ ಹೋಗಿದ್ದೇ ತಡ, ಉಸಿರೆಲ್ಲ ಒಟ್ಟಿಗೆ ಹೊರಗೆ ಬಂದು ಸೀಟಿ ‘ಪೀ...’ ಎಂದು ಎಷ್ಟು ಉದ್ದ ಕೂಗಿತೆಂದರೆ, ಹತ್ತಿರದ ಕಾರ್ಖಾನೆಯ ಭೋಂಗಾ ನಾಚಬೇಕು! ಆ ಉದ್ದದ ಸೀಟಿಗೆ ಡ್ರಿಲ್ಲಿನಲ್ಲಿ ಒಂದೇ ಅರ್ಥ, ಓಡಿ ಬಂದು ಸಾಲು ಹಿಡಿಯಬೇಕು. ಟಾಕಿಯ ಹಿಂದಿನವರೂ ಮರದ ಮೇಲಿನವರೂ ರೂಢಿಯಂತೆ ಓಡಿಬಂದು ಒಬ್ಬರ ಹಿಂದೊಬ್ಬರು ನಿಂತಾಗಿತ್ತು. ಎಲ್ಲಿಗೆ ಬಂದೆವೆಂದು ಅವರಿಗೆ ತಿಳಿಯುವಷ್ಟರಲ್ಲಿ ನಾವು ಗೇಟು ಹಾಕಿದ್ದೆವು.

ಆದರೆ ಅಜ್ಜಿ ಬಂದು ಸಾಲಿನಲ್ಲಿದ್ದ ಮೊಮ್ಮಗಳ ಕೈ ಹಿಡಿದು ಹೊರಗೆಳೆದಳು. ಅಜ್ಜಿ ಆ ಹುಡುಗಿಯನ್ನು ಮನೆಗೆ ಕರೆದೊಯ್ದರೆ ಉಳಿದ ತಾಯಂದಿರೂ ತಮ್ಮ ತಮ್ಮ ಮಕ್ಕಳನ್ನು ಎಳೆದುಕೊಂಡು ಹೋಗುತ್ತಾರೆ, ಅದು ಖಾತ್ರಿ. ಯಾರಿಗಾಗಿ ಇಷ್ಟೆಲ್ಲ ನಡೆದಿತ್ತೋ ಅವಳಿಗೇ ಸೂಜಿ ತಪ್ಪುತ್ತಿತ್ತು. ಮಾಮನ ಮುಖ ಬಾಡಿದ್ದನ್ನು ನಾನು ಮೊದಲ ಸಲ ನೋಡಿದೆ.

“ಹೆಣ್ಮಗು ಮೈಗೆ ಸೂಜಿ ತಾಕಬೇಕಂದ್ರ ಸೋದರಮಾವನ ತೊಡಿ ಬೇಕ್ರಿ ಮಾಸ್ತರ್ರ,” ಎಂದಳು ಅಜ್ಜಿ. “ಇಕಿ ತಾಯಿಗಿ ಅಣ್ಣಿಲ್ಲ, ತಮ್ಮಿಲ್ಲ. ಅದಕ್ಕ ಇಕಿ ಕಿವಿನೂ ಇನ್ನಾ ಚುಚ್ಚಿಸಿಲ್ಲ ನೋಡ್ರಿ. ತೊಡಿ ಎಲ್ಲಿಂದ ತರ್ಲಿ?”

ನಿಜವೇ. ನಮ್ಮ ಕಡೆ ಜವಳದ ಕೂದಲು ತೆಗೆಯಲಿ, ಕಿವಿ ಚುಚ್ಚಲಿ, ಮಗು ಕೂಡಬೇಕಾದದ್ದು ಸೋದರಮಾವನ ತೊಡೆಯ ಮೇಲೆ. ಅದು ಇಲ್ಲದಿದ್ದರೆ ಮಗುವಿಗೆ ಒಳಿತಾಗದೆಂಬ ಅಂಜಿಕೆ. ಅಜ್ಜಿಯದು ಮೊಂಡುತನವಲ್ಲ, ಹೆದರಿಕೆ ಎಂದು ನನಗೆ ಆಗ ತಿಳಿಯಿತು. ಡಾಕ್ಟರರು ವೈರಸ್ಸಿನ ಬಗ್ಗೆ ಏನೋ ಹೇಳಹೊರಟರು. ಮಾಮ ಕೈ ಎತ್ತಿ ಅವರನ್ನು ತಡೆದ. ಒಂದು ಕುರ್ಚಿ ಎಳೆದುಕೊಂಡು ಅಂಗಳದ ನಡುವೆ ಕೂತು ತೊಡೆ ತಟ್ಟಿದ.

“ತೊಡಿ ಇಲ್ಲೈತಿ. ಇವತ್ತಿನಿಂದ ಇಕಿ ತಾಯಿ ನನ್ನ ತಂಗಿ. ಬಾರವ್ವ, ಕುಂದ್ರು.”

ಹುಡುಗಿಯ ತಾಯಿ ಪಡಸಾಲೆಯ ಕಂಬಕ್ಕೆ ಆತು ನಿಂತಿದ್ದಳು. ಸೆರಗನ್ನು ಬಾಯಿಗೆ ಒತ್ತಿಕೊಂಡಳು. ಇದು ಬರೀ ಬಾಯಿಮಾತಲ್ಲ ತಾನೇ ಎಂದು ಅಜ್ಜಿ ಎರಡೆರಡು ಸಲ ಕೇಳಿ ಖಾತ್ರಿ ಮಾಡಿಕೊಂಡು, ಮೊಮ್ಮಗಳನ್ನು ತಾನೇ ಎತ್ತಿ ಮಾಮನ ತೊಡೆಯ ಮೇಲೆ ಕೂಡಿಸಿದಳು. ಮಾಮ ಕಣ್ಣು ಮುಚ್ಚಿಕೊಂಡ, ಹುಡುಗಿ ಮುಚ್ಚಲಿಲ್ಲ. ಸೂಜಿ ಮುಗಿಯಿತು.

ಅಷ್ಟಕ್ಕೇ ಮುಗಿಯಿತೆಂದುಕೊಂಡಿರಾ? ಅವಳ ಮಗಳಿಗೆ ಸೋದರಮಾವ, ನಮ್ಮ ಮಕ್ಕಳಿಗೆ ಕುರ್ಚಿಯೇ ಎಂದು ಉಳಿದ ತಾಯಂದಿರು ಗದ್ದಲ ಹಾಕಿದರು! ಸಂಜೆಯವರೆಗೆ ಇಡೀ ಶಾಲೆ ಮಾಮನ ತೊಡೆಯ ಮೇಲೆ ಕೂತು ಎದ್ದಿತು. ಒಂದನೇ ತರಗತಿಯವನೊಬ್ಬ ಹೆದರಿಕೆಗೆ ಮಾಮನ ಪ್ಯಾಂಟನ್ನು ತೋಯಿಸಿಯೇ ಇಳಿದ. ಮಾಮ ಮನೆಗೆ ಕುಂಟುತ್ತ ಬಂದ.

ಮರುವಾರದಿಂದ ತಂಗಿಯರು ಬರತೊಡಗಿದರು. ಒಬ್ಬಳು ಕೂಸಿನ ಜವಳಕ್ಕೆ ಕರೆಯಲು ಬಂದಳು, ಇನ್ನೊಬ್ಬಳು ಗಂಡನ ಜೊತೆ ಜಗಳವಾಡಿಕೊಂಡು ಅಣ್ಣ ಬಂದು ನ್ಯಾಯ ಮಾಡಲಿ ಎಂದು ಬಂದಳು. ಮಾಮನ ಹೆಂಡತಿ, ನಮ್ಮ ಅತ್ತೆ, ಎಲ್ಲರಿಗೂ ಚಹಾ ಮಾಡಿ ಮಾಡಿ ಒಂದು ದಿನ ಪಾತ್ರೆ ಕುಕ್ಕಿದಳು. “ಇಷ್ಟು ಮಂದಿ ನಾದಿನಿಗೋಳು ಅದಾರಂತ ಮೊದ್ಲ ಹೇಳಿದ್ರ ನಾ ಮದಿವಿಗೇ ಒಪ್ಪತಿರಲಿಲ್ಲ.”

ತಿಂಗಳಾಯಿತು. ಎರಡನೇ ಸಲ ಲಸಿಕೆ ಹಾಕುವ ದಿನ ನಾಗರಪಂಚಮಿಗೆ ಹೊಂದಿಕೊಂಡೇ ಬಂತು. ಮಕ್ಕಳೆಲ್ಲ ತಾವಾಗಿಯೇ ಬಂದು ತೊಡೆಗೆ ಪಾಳಿ ಹಚ್ಚಿದರು. ಆ ಹುಡುಗಿ ಮಾತ್ರ ಬರಲಿಲ್ಲ. ಮಾಮ ಡಾಕ್ಟರರಿಗೆ ಶಾಲೆಯಲ್ಲೇ ಕಾಯಲು ಹೇಳಿ ನನ್ನ ಸ್ಕೂಟಿ ಹತ್ತಿದ. ನಾವು ಹೋದಾಗ ಅಜ್ಜಿ ಕಟ್ಟೆಯ ಮೇಲೆ ಕೂತಿದ್ದಳು. ಸೂಜಿ ಬೇಡವೇ ಎಂದು ಮಾಮ ಕೇಳಿದ. ಬೇಡ ಎಂದಳು. ಮೊದಲ ಸೂಜಿಯಿಂದ ಏನಾದರೂ ತೊಂದರೆಯಾಯಿತೇ ಎಂದು ಕೇಳಿದ. ಅದೂ ಇಲ್ಲವಂತೆ.

“ಮಂದಿ ಮುಂದ ತಂಗಿ ಅಂದ್ರಿ,” ಎಂದಳು ಅಜ್ಜಿ, ಮೆಲ್ಲಗೆ. “ಪಂಚಮಿ ಬಂತು. ಓಣ್ಯಾಗ ಎಲ್ಲಾರ ಸೊಸ್ತ್ಯಾರನ್ನ ಅಣ್ಣತಮ್ಮರು ಬಂದು ಕರ್ಕೊಂಡು ಹೋದ್ರು. ನಮ್ಮ ಸೊಸಿ ಬಾಯಿ ಬಿಟ್ಟು ಹೇಳೂದಿಲ್ಲ. ಸೋಮಾರದಿಂದ ಬಾಗಲಾ ನೋಡಾಕತ್ತಾಳ.”

ನಮ್ಮವ್ವನನ್ನು ಮಾಮ ಆ ವಾರ ಕುಷ್ಟಗಿಗೆ ಹೋಗಿ ತವರಿಗೆ ಕರೆತಂದಾಗಿತ್ತು. ಇವಳು ಅವನ ನೆನಪಿಗೆ ಬಂದಿರಲಿಲ್ಲ. ಅವನು ಕಟ್ಟೆಯ ಕೆಳಗೆ ಚಪ್ಪಲಿ ಬಿಟ್ಟು, ಹೊಸ್ತಿಲ ಬಳಿ ಹೋಗಿ ನಿಂತ.

“ತಡಾ ಆತು ತಂಗಿ. ಕರಿಯಾಕ ಬಂದೀನಿ. ಮಗಳನ್ನೂ ಕರ್ಕೊಂಡು ನಡಿ.”

ಸ್ವಲ್ಪ ಹೊತ್ತಿಗೆ ತಾಯಿ ಹುಡುಗಿಯ ಕೈ ಹಿಡಿದು ಹೊರಗೆ ಬಂದಳು. ಕೈಯಲ್ಲಿ ಬಟ್ಟೆಯ ಚೀಲ. ಅದು ಆಗ ತುಂಬಿದ ಚೀಲವಲ್ಲ. ತಿರುಗಿ ಬರುವಾಗ ಬರಿಗೈಲಿ ಮಾತ್ರ ಕಳಿಸಬೇಡಿ ಎಂದು ಮಾಮನಿಗೆ ಗದರಿಸಿದ ಅಜ್ಜಿ, ಸೊಸೆಯ ಸೆರಗು ಸರಿಮಾಡಿ ಕಳಿಸಿಕೊಟ್ಟಳು. ಎಲ್ಲರೂ ಶಾಲೆಯವರೆಗೆ ನಡೆದು ಬಂದೆವು, ಅಲ್ಲಿ ಹುಡುಗಿ ಮಾಮನ ತೊಡೆಯ ಮೇಲೆ ಎರಡನೇ ಸೂಜಿ ಹಾಕಿಸಿಕೊಂಡಳು.

ಆ ಮಳೆಗಾಲದಲ್ಲಿ ಅವಳಿಗೆ ನೆಗಡಿ ಆಗಲಿಲ್ಲವೇ ಎಂದು ನೀವು ಕೇಳುತ್ತೀರಿ. ಆಯಿತು, ಕೆಮ್ಮೂ ಬಂತು. ಆದರೆ ಎದೆಗೆ ಇಳಿಯಲಿಲ್ಲ, ಆಸ್ಪತ್ರೆ ಕಾಣಲಿಲ್ಲ. ಮಾಮ ಅದನ್ನು ತಾನು ಗೆದ್ದ ಯುದ್ಧವೆಂದು ಇಂದಿಗೂ ಹೇಳುತ್ತಾನೆ. ಹೇಳಲಿ. ನನ್ನ ನೆನಪಿನಲ್ಲಿ ನಿಂತಿರುವುದು ಆ ಪಂಚಮಿಯ ಮಧ್ಯಾಹ್ನ.

ಕೊಪ್ಪಳದ ಮನೆಗೆ ಬಂದ ಮೇಲೆ ಅತ್ತೆ ಆ ತಾಯಿಗೆ ನೀರು ಕೊಟ್ಟಳು, ತಿನ್ನಲು ಉಂಡಿ ಕೊಟ್ಟಳು. ಅವಳು ಕೆಲಸ ಕೇಳುತ್ತ ಅಡುಗೆಮನೆಯಲ್ಲಿ ಸುಳಿದಾಡಿದಳು. ಕೆಲಸವೇನೂ ಇಲ್ಲ, ಸುಮ್ಮನೆ ಕೂತಿರು ಎಂದು ನಮ್ಮವ್ವ ಪಡಸಾಲೆಯಲ್ಲಿ ಚಾಪೆ ಹಾಸಿಕೊಟ್ಟಳು. ಮಗಳನ್ನು ಪಕ್ಕಕ್ಕೆ ಹಾಕಿಕೊಂಡು ಕೂತವಳು ಹಾಗೆಯೇ ಒರಗಿದಳು. ನೋಡುನೋಡುತ್ತಿದ್ದಂತೆ, ಮಟಮಟ ಮಧ್ಯಾಹ್ನದಲ್ಲಿ, ತಲೆಯ ಮೇಲಿನ ಸೆರಗು ಜಾರಿದ್ದೂ ತಿಳಿಯದೆ, ಬಾಯಿ ತೆರೆದು ಗಾಢವಾಗಿ ನಿದ್ದೆಹೋದಳು. ಎಷ್ಟು ವರ್ಷಗಳ ನಿದ್ದೆಯೋ ಅದು! ನನಗೆ ಕಣ್ಣು ತುಂಬಿ ಬಂತು. ಊಟದ ಹೊತ್ತು ಮೀರಿತು. ಎಬ್ಬಿಸಲೇ ಎಂದು ಅತ್ತೆ ಮಾಮನನ್ನು ಮೆಲ್ಲಗೆ ಕೇಳಿದಳು.

“ಮಲಗ್ಲಿ ಬಿಡು,” ಎಂದ ಮಾಮ. “ತವರಮನಿಗಿ ಬಂದಾಳ.”