ಗುಮಾಸ್ತರು ಹೀಟರ್ ಬಿಚ್ಚಿದ್ದು

ಚಳಿಗಾಲದ ಭಾನುವಾರ ಬೆಳಗ್ಗೆ ಗುಮಾಸ್ತರ ಹೆಂಡತಿ ಕಾರಿನ ಬಾಗಿಲು ತೆಗೆದು ಒಂದು ಕಾಲು ಒಳಗಿಟ್ಟಳು. ಇಟ್ಟಷ್ಟೇ ಬೇಗ ಹೊರಗೆ ತೆಗೆದಳು. ಕಾಲುಚೀಲ ತೊಯ್ದು ತೊಪ್ಪೆಯಾಗಿತ್ತು.

"ಸಂಜೆ ಗುಜರಿಯವನಿಗೆ ಬರೋಕೆ ಹೇಳಿದೀನಿ," ಎಂದಳು. "ಅಷ್ಟರೊಳಗೆ ಈ ಲೀಕು ನಿಂತ್ರೆ ಸರಿ. ಇಲ್ಲಾಂದ್ರೆ ಗಾಡಿ ಅವನದು."

ಗುಮಾಸ್ತರಿಗೆ ಕೆಲಸ ನೀರು ಸರಬರಾಜು ಕಚೇರಿಯಲ್ಲಿ. ಊರವರ ಪೈಪು ಎಲ್ಲಿ ಸೋರಿದರೂ ಬಂದು ಕಿರುಚುವುದು ಇವರ ಮೇಜಿನ ಮುಂದೆ. ಅಂಥವರ ಕಾರಿನೊಳಗೇ ಹೀಟರಿನ ಕೋರು ಎನ್ನುವ ಪುಟ್ಟ ರೇಡಿಯೇಟರು ತೂತಾಗಿ, ಎಂಜಿನ್ನಿನ ಬಿಸಿನೀರು ಮುಂದಿನ ಸೀಟಿನ ಕಾಲಡಿಗೆ ತೊಟ್ಟಿಕ್ಕುತ್ತಿತ್ತು. ಗಾಜಿಗೆಲ್ಲ ಮಂಜು, ಒಳಗೆಲ್ಲ ಹಳಸಿದ ಪಾಕದ ವಾಸನೆ. "ಇದಕ್ಕೆ ಇಡೀ ಡ್ಯಾಶ್‌ಬೋರ್ಡ್ ಬಿಚ್ಚಬೇಕು ಸ್ವಾಮಿ. ನನಗೂ ಹೆಂಡ್ತಿ ಮಕ್ಕಳಿದಾರೆ," ಎಂದು ಮೆಕ್ಯಾನಿಕ್ ಕೈಮುಗಿದುಬಿಟ್ಟಿದ್ದ. ಹೊಸ ಹೀಟರ್ ಕೋರೇನೋ ಅಂಗಡಿಯಲ್ಲಿ ಸಿಕ್ಕಿ ಮಂಚದ ಕೆಳಗೆ ಬಿದ್ದಿತ್ತು. ಬಿಚ್ಚುವ ಧೈರ್ಯ ಯಾವ ಅಂಗಡಿಯಲ್ಲೂ ಸಿಕ್ಕಿರಲಿಲ್ಲ.

ಬೇರೆ ಗಂಡಸಾಗಿದ್ದರೆ, ಹಾಳಾಗಿ ಹೋಗಲಿ, ಒಯ್ಯಲಿ ಅನ್ನುತ್ತಿದ್ದ. ಗುಮಾಸ್ತರಿಗೆ ಅದು ಆಗದ ಮಾತು. ಕಚೇರಿಯಲ್ಲಿ ದಿನವಿಡೀ ಬೈಗುಳ. ಮನೆಯಲ್ಲಿ ಇರುವುದೇ ಎರಡು ಕೋಣೆ. ಒಂದರಲ್ಲಿ ಅತ್ತೆಯ ಮಂಡಿನೋವು, ಇನ್ನೊಂದರಲ್ಲಿ ಟಿವಿ. ಹಾಗಾಗಿ ಸಂಜೆ ಕಾರನ್ನು ಅಂಗಳದಲ್ಲಿ ನಿಲ್ಲಿಸಿದ ಮೇಲೆ ಅರ್ಧ ಗಂಟೆ ಅದರೊಳಗೇ ಕೂತಿರುತ್ತಿದ್ದರು. ಏನೂ ಮಾಡುತ್ತಿರಲಿಲ್ಲ, ಸುಮ್ಮನೆ ಸ್ಟೀರಿಂಗ್ ಹಿಡಿದುಕೊಂಡು ಕೂರುವುದು. ಅವರನ್ನು ಯಾರೂ ಏನೂ ಕೇಳದ ಜಾಗವೆಂದರೆ ಈ ಭೂಮಿಯ ಮೇಲೆ ಅದೊಂದೇ. ಅದನ್ನೂ ಗುಜರಿಗೆ ಹಾಕಿದರೆ ಮನುಷ್ಯ ಹೋಗುವುದಾದರೂ ಎಲ್ಲಿಗೆ?

ಮಂಚದ ಕೆಳಗಿನಿಂದ ಕೋರು ಹೊರಬಂತು. ಸ್ಕ್ರೂಡ್ರೈವರ್ ಕೈಗೆ ಬಂತು. ಅದರ ವಾಸನೆ ಹಿಡಿದವರಂತೆ ಎದುರುಮನೆಯ ನಿವೃತ್ತ ಬಸ್ ಡ್ರೈವರೂ ಬಂದರು.

"ಏನ್ರೀ ಗುಮಾಸ್ತ್ರೇ, ನೀರಿನ ಇಲಾಖೆಯವರ ಗಾಡೀಲೇ ಲೀಕಾ?" ದಿನವೂ ಕೇಳುವ ಪ್ರಶ್ನೆಯನ್ನು ಇವತ್ತೇ ಹೊಳೆದಂತೆ ಕೇಳಿ, ತಾವೇ ನಕ್ಕು, ಮನೆಯಿಂದ ತಂದ ಕುರ್ಚಿ ಹಾಕಿಕೊಂಡು ಕೂತರು.

"ಮೊದಲು ಬ್ಯಾಟರಿ ವೈರು ತೆಗೀಬೇಕಲ್ವಾ ಸಾರ್?" ಎಂದರು ಗುಮಾಸ್ತರು.

"ಜೀವಮಾನವೆಲ್ಲಾ ಬಸ್ ಓಡಿಸಿದೀನಿ, ಒಂದು ದಿನಾನೂ ಬ್ಯಾಟರಿ ಮುಟ್ಟಿದವನಲ್ಲ. ನೀವು ಬಿಚ್ರೀ."

ಅದು ನಿಜವೇ ಇರಬೇಕು. ಬಸ್ಸು ಕೆಟ್ಟಾಗಲೆಲ್ಲ ಅವರು ಕುರ್ಚಿ ಹುಡುಕಿಕೊಂಡು ಹೋಗಿರುತ್ತಾರೆ. ಗುಮಾಸ್ತರು ಸ್ಟೀರಿಂಗಿನ ಕೆಳಗೆ ಕೈ ಹಾಕಿ ವೈರಿನ ಗೊಂಚಲನ್ನು ಎಳೆದದ್ದೇ ತಡ, ಹಾರ್ನು ಬಾಯಿ ತೆರೆಯಿತು. ತೆರೆದದ್ದು ಮುಚ್ಚಲಿಲ್ಲ. ಬೀದಿಯ ಕಿಟಕಿಗಳೆಲ್ಲ ತೆರೆದುಕೊಂಡವು. ಪಕ್ಕದ ಮನೆಯ ವಿಮೆ ಏಜೆಂಟ್ ಹಲ್ಲುಜ್ಜುವ ಬ್ರಷ್ಷಿನ ಸಮೇತ ಓಡಿಬಂದ.

"ಗಾಡಿಗೆ ಇನ್ಶೂರೆನ್ಸ್ ಇದ್ಯಾ ಸಾರ್?" ಎಂದು ಕೂಗಿದ. ಕಾರಿನೊಳಗೆ ತಲೆಕೆಳಗಾಗಿ ಸಿಕ್ಕಿಕೊಂಡಿದ್ದ ಗುಮಾಸ್ತರನ್ನು ಕಂಡು, "ನಿಮಗೆ?" ಎಂದ.

ಕೊನೆಗೆ ಬ್ಯಾಟರಿ ವೈರು ಕಿತ್ತ ಮೇಲೆ ಹಾರ್ನು ಸುಮ್ಮನಾಯಿತು. ಏಜೆಂಟ್ ಸುಮ್ಮನಾಗಲಿಲ್ಲ. ಸ್ಕ್ರೂಗಳ ಜವಾಬ್ದಾರಿ ತನ್ನದೆಂದು ಘೋಷಿಸಿ, ಒಳಗಿನಿಂದ ಸ್ಟೀಲ್ ತಟ್ಟೆ ತರಿಸಿ, ಒಂದೊಂದು ಸ್ಕ್ರೂವನ್ನೂ ಸಾಲಾಗಿ ಜೋಡಿಸುತ್ತ ಹೋದ. ನೋಡಿದರೆ ಗುಮಾಸ್ತರಿಗೆ ನಿಜಕ್ಕೂ ಸಮಾಧಾನವಾಗುವಷ್ಟು ಚೆನ್ನಾಗಿತ್ತು.

ಡ್ಯಾಶ್‌ಬೋರ್ಡ್ ಹೊರಗೆ ಬಂದು ಅಂಗಳದಲ್ಲಿ ಅಂಗಾತ ಮಲಗಿತು. ಕಿತ್ತು ಬಂದ ಜಾಗದಲ್ಲಿ ಒಂದು ಕೊಂಡಿ ಮುರಿದಿತ್ತು. "ಅದೇನಿಲ್ಲ, ಅದು ಸುಮ್ನೆ ಇಟ್ಟಿರ್ತಾರೆ," ಎಂದರು ಡ್ರೈವರು. "ಈಗ ಆ ಎರಡು ಪೈಪು ಎಳೀರಿ."

"ಮೊದಲು ನೀರು ಇಳಿಸ್ಬೇಕಲ್ವಾ?"

"ಏನ್ ಮಾತಾಡ್ತೀರಿ! ಇಷ್ಟು ದಿನ ಸೋರಿದ ಮೇಲೆ ಅದ್ರಲ್ಲಿ ಇನ್ನೇನು ಉಳಿದಿರತ್ತೆ?"

ಮಾತು ಸರಿಯೆನಿಸಿತು. ಗುಮಾಸ್ತರು ಎಳೆದರು. ಕೂಲೆಂಟ್ ಬೆರೆತ ಹಸಿರು ನೀರು ಅವರ ತೋಳಿನೊಳಗೆ ನುಗ್ಗಿ, ಕಂಕುಳು ದಾಟಿ, ಹೊಟ್ಟೆಯ ಮೇಲಿಂದ ಹರಿದು ಪ್ಯಾಂಟಿನಲ್ಲಿ ನಿಂತಿತು.

"ಊರಿಗೆಲ್ಲ ನೀರು ಬಿಡೋರು, ಇವತ್ತು ನಿಮಗೇ ಬಿಟ್ಕೊಂಡ್ರಲ್ಲ ಸಾರ್!" ಎಂದ ಏಜೆಂಟ್. ಡ್ರೈವರು ಕುರ್ಚಿಯಿಂದ ಬೀಳುವಷ್ಟು ನಕ್ಕರು. ಗುಮಾಸ್ತರು ಚಳಿಗೆ ಹಲ್ಲು ಕಟಕಟಿಸುತ್ತ ಹಳೆಯ ಕೋರು ಕಿತ್ತು, ಹೊಸದನ್ನು ಕೂರಿಸಿ, ಪೈಪಿಗೆ ಕ್ಲಿಪ್ಪು ಬಿಗಿದು, ಸ್ಕ್ರೂಗಾಗಿ ಹಿಂದೆ ಕೈ ಚಾಚಿದರು. ಕೈಗೆ ಏನೂ ಸಿಗಲಿಲ್ಲ, ತಟ್ಟೆಯೇ ಇರಲಿಲ್ಲ.

"ಆ ತಟ್ಟೇನಾ?" ಬಾಗಿಲಲ್ಲಿ ನಿಂತಿದ್ದ ಅತ್ತೆ ಕೇಳಿದರು. "ನಾನು ಊಟಕ್ಕೆ ತಗೊಂಡೆ ಅಳಿಯಂದ್ರೇ. ಏನೋ ತುಕ್ಕು ಕಸ ತುಂಬಿತ್ತು, ಒಂದು ಡಬ್ಬಿಗೆ ಸುರಿದಿಟ್ಟಿದೀನಿ. ಎಸೆದಿಲ್ಲ ಪುಣ್ಯಕ್ಕೆ."

"ನಾನು ಕೈ ತೊಳೆಯೋಕೆ ಹೋಗಿದ್ದೆ," ಎಂದ ಏಜೆಂಟ್.

ಗುಮಾಸ್ತರ ಪಿತ್ತ ನೆತ್ತಿಗೇರಿತು. "ಯಾರೂ ಮಾತಾಡ್ಬೇಡಿ!" ಎಂದು ಗರ್ಜಿಸಿದರು. "ಇನ್ನೊಂದು ಮಾತು ಯಾರಾದ್ರೂ ಆಡಿದ್ರೆ ಈ ಸ್ಪ್ಯಾನರ್ ತಗೊಂಡು..." ಸ್ಪ್ಯಾನರ್ ತಗೊಂಡು ಏನು ಮಾಡುತ್ತಾರೆಂದು ಅವರಿಗೇ ಗೊತ್ತಿರಲಿಲ್ಲ. ಆದರೆ ಎಲ್ಲರೂ ಬಾಯಿ ಮುಚ್ಚಿದರು. ಮದುವೆಯಾದ ಮೇಲೆ ಅವರ ಮಾತಿಗೆ ಬೆಲೆ ಬಂದದ್ದು ಅದೇ ಮೊದಲು.

ಡಬ್ಬಿಯ ಸ್ಕ್ರೂಗಳನ್ನು ಒಂದೊಂದಾಗಿ ತೂತಿಗೆ ಹಚ್ಚಿ ನೋಡುತ್ತ ಮಧ್ಯಾಹ್ನ ಕಳೆಯಿತು. ಗುಮಾಸ್ತರು ಊಟ ಮಾಡಲಿಲ್ಲ. ಬೆರಳ ಗಂಟುಗಳೆಲ್ಲ ತರಚಿ ರಕ್ತ ಒಸರಿತು. ಡ್ಯಾಶ್‌ಬೋರ್ಡ್ ಕೂತಿತು. ಮೂರು ಸ್ಕ್ರೂ ಮಿಕ್ಕವು, ಜೇಬಿಗೆ ಹಾಕಿಕೊಂಡರು. ಬ್ಯಾಟರಿ ವೈರು ಮತ್ತೆ ಸಿಕ್ಕಿಸಿ ಇಂಡಿಕೇಟರ್ ಹಾಕಿದರೆ ವೈಪರ್ ಓಡತೊಡಗಿತು, ಓಡಲಿ ಎಂದರು. ಹೊಸ ಕೂಲೆಂಟ್ ತುಂಬಿ ಕೀಲಿ ತಿರುಗಿಸುವ ಹೊತ್ತಿಗೆ ಗೇಟಿನ ಬಳಿ ಗುಜರಿಯವನು ಹಗ್ಗ ಹಿಡಿದು ನಿಂತಿದ್ದ.

ಎಂಜಿನ್ ಹೊತ್ತಿಕೊಂಡಿತು. ಹೆಂಡತಿ ಒಂದು ಪೇಪರ್ ತಂದು ಸೀಟಿನ ಕಾಲಡಿಗೆ ಹಾಸಿದಳು. ಎಲ್ಲರೂ ಬಗ್ಗಿ ನೋಡಿದರು. ಎಂಜಿನ್ ಬಿಸಿಯಾಯಿತು, ಹೀಟರ್ ಗುಂಯ್ ಎಂದಿತು, ಪೇಪರ್ ಒಣಗಿಯೇ ಇತ್ತು. ಗುಜರಿಯವನು ಕೈ ಒಳಗೆ ಹಾಕಿ ಗಾಳಿ ಮುಟ್ಟಿ ನೋಡಿದ.

"ಒಲೆ ಮುಂದೆ ಕೂತಂಗಿದೆ. ಇದನ್ನ ಯಾಕೆ ಕೊಡ್ತೀರಮ್ಮಾ?" ಎಂದು ಹಗ್ಗ ಸುತ್ತಿಕೊಂಡು ಹೊರಟುಹೋದ.

"ಪರವಾಗಿಲ್ವೇ ರೀ," ಎಂದಳು ಹೆಂಡತಿ. ಅಷ್ಟು ಸಾಕಾಗಿತ್ತು. ಗುಮಾಸ್ತರು ಉಬ್ಬಿಹೋದರು. ಎಂಜಿನ್ ಇನ್ನೂ ಸ್ವಲ್ಪ ಓಡಲಿ ಎಂದು ಹಾಗೇ ಬಿಟ್ಟು, ಒಳಗೆ ಹೋಗಿ ಮೈ ತೊಳೆದು, ಬಟ್ಟೆ ಬದಲಿಸಿ, ತಾವೇ ಚಹಾ ಮಾಡಿಕೊಂಡು, ಲೋಟ ಹಿಡಿದು ಅಂಗಳಕ್ಕೆ ಬಂದರು. ಇವತ್ತು ಅರ್ಧ ಗಂಟೆಯಲ್ಲ, ಒಂದು ಗಂಟೆ ಕೂರಬೇಕು. ಅಷ್ಟು ಹಕ್ಕು ತಮಗಿದೆ ಎಂದುಕೊಂಡರು.

ಕಾರಿನ ಬಾಗಿಲು ತೆಗೆದರು. ಮುಂದಿನ ಸೀಟಿನಲ್ಲಿ ಅತ್ತೆ ಶಾಲು ಹೊದ್ದು, ಎರಡೂ ಮಂಡಿಗಳನ್ನು ಬಿಸಿಗಾಳಿಗೆ ಒಡ್ಡಿ, ಕಣ್ಣುಮುಚ್ಚಿ ಕೂತಿದ್ದರು. ಹಿಂದಿನ ಸೀಟಿನಲ್ಲಿ ಹೆಂಡತಿ, ಡ್ರೈವರು, ಏಜೆಂಟ್.

"ಬಾಗಿಲು ಹಾಕ್ರೀ, ಚಳಿ ಬರತ್ತೆ," ಎಂದಳು ಹೆಂಡತಿ.

"ಬನ್ನಿ ಬನ್ನಿ, ನಿಮಗೇ ಕಾಯ್ತಿದ್ವಿ," ಎಂದರು ಡ್ರೈವರು. "ನಿಂತ ಗಾಡೀಲಿ ಬಿಸಿ ಕಮ್ಮಿ ಆಗ್ತಾ ಇದೆ. ಆಕ್ಸಿಲರೇಟರ್ ಒತ್ತೋಕೆ ಒಬ್ರು ಬೇಕು."

ಗುಮಾಸ್ತರು ಸ್ಟೀರಿಂಗಿನ ಮುಂದೆ ಕೂತರು. ಇಷ್ಟು ದಿನ ಇವರನ್ನೆಲ್ಲ ಹೊರಗಿಟ್ಟಿದ್ದದ್ದು ಆ ತೂತು. ಅದನ್ನು ಇವತ್ತು ರಕ್ತ ಸುರಿಸಿ ಮುಚ್ಚಿದವರು ತಾವೇ. ಪೆಡಲ್ ಒತ್ತಿದರು. ಬಿಸಿಗಾಳಿ ಭರ್ರೆಂದು ಬಂತು.

ಅತ್ತೆ ಕಣ್ಣು ತೆರೆಯದೆ ಹಾಯೆಂದು ಉಸಿರುಬಿಟ್ಟರು. "ಎಷ್ಟು ವರ್ಷದ ಮೇಲೆ ಈ ಮಂಡಿಗೆ ಸುಖ ಸಿಕ್ತು! ಅಳಿಯಂದ್ರೇ, ನಾಳೆಯಿಂದ ಕಚೇರಿ ಮುಗಿಸ್ಕೊಂಡು ಸ್ವಲ್ಪ ಬೇಗ ಬಂದ್ಬಿಡಿ."