ಅತ್ತೆಯವರು ಶಾಖೆಯಾದದ್ದು

ಪುಸ್ತಕಕ್ಕೆ ಗೆದ್ದಲಿಗಿಂತ ದೊಡ್ಡ ಶತ್ರು ಓದುಗ ಎಂಬುದು ನಮ್ಮ ಸಾರ್ವಜನಿಕ ಗ್ರಂಥಾಲಯದ ನಿರ್ದೇಶಕರು ಇಡೀ ಸೇವಾವಧಿಯಲ್ಲಿ ಸಾಬೀತುಪಡಿಸಿದ ಸತ್ಯ. ಸಹಾಯಕರಾಗಿ ಸೇರಿದ ದಿನವೇ ಅವರು ಕಪಾಟುಗಳಿಗೆ ಬೀಗ ಹಾಕಿಸಿದರು. ಪುಸ್ತಕ ಕಳೆಯಲಿಲ್ಲ, ಬಡ್ತಿ ಬಂತು. ಆಮೇಲೆ ಓದುವ ಕೋಣೆಯ ಕುರ್ಚಿಗಳನ್ನು ಮಹಡಿಗೆ ಸಾಗಿಸಿ, ಮಹಡಿಯ ಮೆಟ್ಟಿಲನ್ನು ದುರಸ್ತಿಗೆಂದು ಕೀಳಿಸಿದರು. ಒಂದು ಪುಟದ ಮೂಲೆಯೂ ಮಡಚಲಿಲ್ಲ, ನಿರ್ದೇಶಕರಾದರು. ಬಾಗಿಲಲ್ಲಿ ಪ್ರಕಟಣೆ ಇಂದಿಗೂ ಇದೆ: "ಓದಲು ಬಂದವರು ಬಂದ ಉದ್ದೇಶವನ್ನು ಮರೆತು ಸಹಕರಿಸಬೇಕಾಗಿ ವಿನಂತಿ." ಇಂಥವರು ಸಿಕ್ಕಿದ್ದು ಇಲಾಖೆಯ ಪುಣ್ಯ ಎಂದು ನಾನಂತೂ ಎಲ್ಲಿ ಬೇಕಾದರೂ ಹೇಳುತ್ತೇನೆ.

ನಿವೃತ್ತಿಯ ವಾರ ಲೆಕ್ಕ ತಪಾಸಣೆಯವರು ಬಂದು ಎಣಿಸಿದಾಗ ಒಂದು ಕಾದಂಬರಿ ಕಡಿಮೆ ಬಿತ್ತು. ಅದು ಸಿಗದೆ ಪಿಂಚಣಿ ಇಲ್ಲ ಎಂದರು. ನಿರ್ದೇಶಕರು ನೇರ ಮನೆಗೆ ಓಡಿದರು.

ಕಾದಂಬರಿ ದೂರವೇನೂ ಹೋಗಿರಲಿಲ್ಲ. ಅವರು ಮರೆತಿದ್ದ ಊಟದ ಡಬ್ಬಿ ಕೊಡಲು ಒಮ್ಮೆ ಆಫೀಸಿಗೆ ಬಂದಿದ್ದ ಅವರ ಅತ್ತೆ, ಖಾಲಿ ಚೀಲ ಹಿಡಿದು ಹೋಗಲು ಮನಸ್ಸಾಗದೆ, ಧೂಳು ಹೊಡೆಯಲು ತೆರೆದಿದ್ದ ಕಪಾಟಿನಿಂದ ಅದನ್ನು ತೆಗೆದುಕೊಂಡು ಹೋಗಿದ್ದರು.

"ಅತ್ತೆ, ಆ ಪುಸ್ತಕ ಕೊಡಿ. ನನ್ನ ಮಾನ ಹೋಗ್ತಿದೆ."

"ಕೊಡ್ತೀನಿ ಅಳಿಯಂದ್ರೇ. ಕಣ್ಣು ಸೋಲುತ್ತೆ, ದಿನಕ್ಕೊಂದೇ ಪುಟ. ಕೊನೇ ಅಧ್ಯಾಯ ಉಳಿದಿದೆ. ಆ ಹುಡುಗಿ ಮನೆಗೆ ವಾಪಸ್ ಬರ್ತಾಳೋ ಇಲ್ವೋ, ಅದೊಂದು ಗೊತ್ತಾಗ್ಲಿ."

"ಓದ್ತಿದೀರಾ? ಗ್ರಂಥಾಲಯದ ಪುಸ್ತಕಾನಾ?" ನಿರ್ದೇಶಕರು ಪುಟದ ಮೂಲೆ ಮಡಚಿದೆಯೇ ಎಂದು ಬಗ್ಗಿ ನೋಡಿದರು.

"ಕೊಟ್ಬಿಡಮ್ಮಾ," ಎಂದರು ಅವರ ಹೆಂಡತಿ. "ಇನ್ಮೇಲೆ ಇವರು ಇಡೀ ದಿನ ಮನೇಲಿರ್ತಾರೆ. ಪಿಂಚಣಿನಾದ್ರೂ ಬರಲಿ."

ಅತ್ತೆ ಪುಸ್ತಕವನ್ನು ದಿಂಬಿನಡಿ ಸೇರಿಸಿ ಮೇಲೆ ಒರಗಿಕೊಂಡರು.

ದಾರಿ ತೋರಿಸಿದವರು ತಪಾಸಕರೇ. "ಪುಸ್ತಕ ಗ್ರಂಥಾಲಯದಿಂದ ಹೊರಗೆ ಹೋದ್ರೆ ತಾನೇ ತಪ್ಪು? ಅದು ಎಲ್ಲಿದೆಯೋ ಅದನ್ನೇ ಗ್ರಂಥಾಲಯ ಮಾಡಿ ಸಾರ್." ಮನೆ ಬಾಡಿಗೆಯದಾದ್ದರಿಂದ ಅತ್ತೆಯವರನ್ನೇ ಶಾಖೆಯೆಂದು ಘೋಷಿಸಿ ಆದೇಶ ಹೊರಟಿತು. ಪುಸ್ತಕ: ಒಂದು. ಮುಖ್ಯಸ್ಥರು: ಸದರಿ ಅತ್ತೆಯವರು. ವಾರದ ರಜೆ: ಸೋಮವಾರ. ಅಂದಿನಿಂದ ಸೋಮವಾರ ಮನೆಯಲ್ಲಿ ಯಾರೂ ಅವರನ್ನು ಮಾತನಾಡಿಸುವುದಿಲ್ಲ. ಪಿಂಚಣಿ ಮಂಜೂರಾಯಿತು.

ಉಳಿದದ್ದು ಕೊನೆಯ ಅಧ್ಯಾಯ. ಶಾಖೆಯ ಪುಸ್ತಕ ಓದಬೇಕಾದರೆ ಮುಖ್ಯಸ್ಥರ ಅನುಮತಿ ಬೇಕು. ಅತ್ತೆಯವರು ಮುಖ್ಯಸ್ಥರಾದ ತಮಗೇ ಅರ್ಜಿ ಬರೆದುಕೊಂಡರು. ಆದೇಶ ಬರೆದ ಗುಮಾಸ್ತನಾಗಿ ಅಲ್ಲಿದ್ದ ನನಗೂ ಆ ಕಥೆಯ ಕೊನೆ ಕೇಳುವ ಆಸೆಯಿತ್ತು, ಸುಳ್ಳು ಹೇಳುವುದಿಲ್ಲ. ಪಾಪ, ಓದಿಕೊಳ್ಳಲಿ ಎಂದು ಎಲ್ಲರೂ ಸುತ್ತ ನಿಂತು ನೋಡುತ್ತಿದ್ದೆವು. ಅವರು ಕನ್ನಡಕ ಏರಿಸಿ, ಅರ್ಜಿಯನ್ನು ಎರಡು ಸಲ ಓದಿ, ತಿರಸ್ಕರಿಸಿದರು.

"ಯಾಕಮ್ಮಾ? ಆ ಹುಡುಗಿ ಏನಾದ್ಲೂಂತ ನಿಂಗೆ ಬೇಡ್ವಾ?"

"ಬೇಕು ಕಣೇ. ಜೀವ ಹೊಡ್ಕೊಳ್ತಿದೆ." ಅತ್ತೆಯವರು ಕನ್ನಡಕ ತೆಗೆದು ಮಡಚಿದರು. "ಆದ್ರೆ ಅರ್ಜಿ ಹಾಕಿದವಳನ್ನ ನಾನು ಚೆನ್ನಾಗಿ ಬಲ್ಲೆ. ತಗೊಂಡ್ ಹೋದ್ರೆ ವಾಪಸ್ ಕೊಡೋಳಲ್ಲ."

ನಿರ್ದೇಶಕರು ಕಣ್ಣೊರೆಸಿಕೊಂಡರು. ತಮ್ಮ ಖಾಲಿ ಹುದ್ದೆಗೆ ಅತ್ತೆಯವರ ಹೆಸರನ್ನು ಅವರು ಅಂದೇ ಶಿಫಾರಸು ಮಾಡಿದರು, ಯಾರೂ ಆಕ್ಷೇಪಿಸಲಿಲ್ಲ.