ನಡೆಯಬಲ್ಲ ಅತ್ತೆಗೊಂದು ವೀಲ್‌ಚೇರ್

ನಾನು ನಿಂತಿದ್ದ ಜಾಗವನ್ನು ಮೊದಲು ಸರಿಯಾಗಿ ಹೇಳಿಬಿಡುತ್ತೇನೆ. ಈ ಪ್ರಸಂಗವನ್ನು ನೆಂಟರ ಮುಂದೆ ಹೇಳುವಾಗಲೆಲ್ಲ ಅಲ್ಲಿಂದ ನಾಲ್ಕು ಹೆಜ್ಜೆ ದೂರ ನಿಂತು ನೋಡಿದವನಂತೆ ಹೇಳುವ ಅಭ್ಯಾಸ ನನಗೆ ಬಂದುಬಿಟ್ಟಿದೆ. ಆಕ್ಲೆಂಡ್ ವಿಮಾನ ನಿಲ್ದಾಣ. ಫಿಜಿಗೆ ಹೋಗುವವರ ಚೆಕ್-ಇನ್ ಕೌಂಟರು. ಸಾಲಿನ ಮೊದಲ ಜಾಗ. ಕೊರೋನಾ ಬಂದ ವರ್ಷದ ಮಾರ್ಚ್ ತಿಂಗಳು, ಶನಿವಾರ, ಬೆಳಿಗ್ಗೆ ಎಂಟು ಗಂಟೆ ಇಪ್ಪತ್ತೊಂದು ನಿಮಿಷ. ನನ್ನ ಎರಡು ಕೈಗಳೂ ಒಂದು ವೀಲ್‌ಚೇರಿನ ಹಿಡಿಗಳ ಮೇಲಿದ್ದವು. ವೀಲ್‌ಚೇರಿನಲ್ಲಿ ನನ್ನ ಅತ್ತೆ ಸರೋಜಮ್ಮನವರು ಕೂತಿದ್ದರು. ಅವರ ಕಾಲಿಗೆ ಏನೂ ಆಗಿರಲಿಲ್ಲ.

ಇದರಲ್ಲಿ ಗುಟ್ಟೇನೂ ಇಲ್ಲ. ಹೊರದೇಶದಲ್ಲಿರುವ ನಮ್ಮಂಥವರು ಊರಿನಿಂದ ಅಪ್ಪ ಅಮ್ಮನನ್ನು ಕರೆಸಿಕೊಳ್ಳುವಾಗ ಟಿಕೆಟ್ಟಿನ ಜೊತೆಯಲ್ಲೇ ವೀಲ್‌ಚೇರನ್ನೂ ಬರೆಸುತ್ತೇವೆ. ಊಟ ಸಸ್ಯಾಹಾರ, ಕಿಟಕಿ ಬೇಡ, ವೀಲ್‌ಚೇರ್ ಬೇಕು. ಇಂಗ್ಲಿಷ್ ಬರದವರು ದಾರಿ ತಪ್ಪಬಾರದು ಎನ್ನುವುದು ನಾವು ಹೇಳುವ ಕಾರಣ. ಸಾಲಿನಲ್ಲಿ ನಿಲ್ಲುವುದು ತಪ್ಪುತ್ತದೆ ಎನ್ನುವುದು ಹೇಳದಿರುವ ಕಾರಣ. ನಮ್ಮ ಕಡೆಯವರು ಬರುವ ವಿಮಾನಕ್ಕೆ ಸಾಲಾಗಿ ಹದಿನೈದು ಇಪ್ಪತ್ತು ವೀಲ್‌ಚೇರುಗಳು ಕಾಯುವುದನ್ನೂ, ಅವುಗಳಲ್ಲಿ ಬಂದ ಹಿರಿಯರೆಲ್ಲ ಸಾಮಾನು ಸುತ್ತುವ ಪಟ್ಟಿಯ ಬಳಿ ತಮ್ಮ ಸೂಟ್‌ಕೇಸು ಕಂಡ ಕೂಡಲೇ ಎದ್ದು ಓಡುವುದನ್ನೂ ನಾನು ಕಣ್ಣಾರೆ ಕಂಡಿದ್ದೇನೆ. ನನ್ನ ಅತ್ತೆಯಂತೂ ಹ್ಯಾಮಿಲ್ಟನ್ನಿನ ರೊಟೊಟೂನ ಬಡಾವಣೆಯಲ್ಲಿ, ನಮ್ಮ ಮನೆಯಲ್ಲಿದ್ದ ನಾಲ್ಕು ತಿಂಗಳೂ ದಿನಕ್ಕೆ ಎರಡು ಹೊತ್ತು ವಾಕಿಂಗ್ ಹೋಗುತ್ತಿದ್ದರು. ಒಂದು ಸಲ ಜೊತೆಗೆ ಹೋದ ನಾನು ಅರ್ಧ ದಾರಿಯಿಂದ ಹೆಂಡತಿಗೆ ಫೋನ್ ಮಾಡಿ ಕಾರು ತರಿಸಿಕೊಂಡಿದ್ದೆ.

ಅತ್ತೆ ಅಂದು ಹೊರಟದ್ದು ಎರಡನೇ ಮಗಳ ಬಾಣಂತನಕ್ಕೆ. ನನ್ನ ನಾದಿನಿ ಫಿಜಿಯ ಸುವಾದಲ್ಲಿದ್ದಳು, ಏಪ್ರಿಲ್‌ನಲ್ಲಿ ಹೆರಿಗೆ. ಆ ವಾರ ಪೆಸಿಫಿಕ್ ದ್ವೀಪಗಳು ಒಂದೊಂದಾಗಿ ಬಾಗಿಲು ಹಾಕಿಕೊಳ್ಳುತ್ತಿದ್ದವು. ನಿಲ್ದಾಣದ ಫಲಕದಲ್ಲಿ ಆಪಿಯಾ ರದ್ದು, ನುಕುಅಲೋಫಾ ರದ್ದು, ರಾರೊಟೊಂಗಾ ರದ್ದು. ಫಿಜಿಯದೊಂದೇ ಉಳಿದಿತ್ತು. ಹೆಂಡತಿ ವೀಣಾಳಿಗೆ ಆಸ್ಪತ್ರೆಯ ಲ್ಯಾಬಿನಲ್ಲಿ ಡ್ಯೂಟಿ ಇದ್ದುದರಿಂದ ಅತ್ತೆಯನ್ನು ನಾನೇ ಕರೆದುಕೊಂಡು ಹೊರಟೆ. ಹನ್ನೆರಡು ವರ್ಷದ ಮಗಳು ಅನನ್ಯ ಹಿಂದಿನ ಸೀಟಿನಲ್ಲಿದ್ದಳು. ದಾರಿಯಲ್ಲಿ ಕಾಫಿಗೆ ನಿಲ್ಲಿಸಿದವನು ನಾನು. ಆದ್ದರಿಂದ ತಡವಾದದ್ದೂ ನನ್ನಿಂದಲೇ.

ಕೌಂಟರು ಎಂಟೂವರೆಗೆ ಮುಚ್ಚುತ್ತದೆ ಎಂದು ಬರೆದಿತ್ತು. ಗಾಬರಿಯಲ್ಲಿ ಸಹಾಯ ಕೇಂದ್ರಕ್ಕೆ ಹೋಗಿ ವೀಲ್‌ಚೇರ್ ತಂದು ಅತ್ತೆಯ ಮುಂದೆ ನಿಲ್ಲಿಸಿದೆ.

"ಇದ್ಯಾಕೆ ಈಗ? ಕೌಂಟರು ಅಲ್ಲೇ ಕಾಣ್ತಿದೆಯಲ್ಲ," ಎಂದರು ಅತ್ತೆ.

"ಕೂತ್ಕೊಳ್ಳಿ ಅತ್ತೆ. ಮುಂದಕ್ಕೆ ಬಿಡ್ತಾರೆ."

"ಬಟ್ ಅಜ್ಜಿ ಕ್ಯಾನ್ ವಾಕ್, ಅಪ್ಪಾ," ಎಂದಳು ಅನನ್ಯ. ಅವಳಿಗೆ ಕನ್ನಡ ಅರ್ಥವಾಗುತ್ತದೆ, ಉತ್ತರ ಮಾತ್ರ ಇಂಗ್ಲಿಷಿನಲ್ಲಿ. ಅದೂ ಸುತ್ತಲಿನವರಿಗೆಲ್ಲ ಕೇಳುವಂತೆ. ನಾನು ಅವಳಿಗೆ ಕಣ್ಣು ಬಿಟ್ಟೆ. ಮಗಳಿಗೆ ನಾನು ಕಲಿಸಿದ ಶಿಷ್ಟಾಚಾರಗಳಲ್ಲಿ ಅದೂ ಒಂದು.

ಇಷ್ಟೆಲ್ಲ ನಾಟಕ ಹೂಡಿ ಪಕ್ಕದಿಂದ ನುಗ್ಗಿದ ಮೇಲೆ ನೋಡಿದರೆ ಕೌಂಟರಿನ ಮುಂದೆ ಕಾಯುತ್ತಿದ್ದದ್ದು ಒಬ್ಬನೇ ಮನುಷ್ಯ. ಇನ್ನೊಂದು ನಿಮಿಷಕ್ಕೆ ಅವನ ಸರದಿ. ಎತ್ತರದ, ಅಗಲ ಭುಜದ ಆಳು, ಮೂವತ್ತರ ಆಸುಪಾಸು. ಹೆಗಲಿಗೆ ಒಂದು ಚೀಲ, ಕೈಯಲ್ಲಿ ಪಾಸ್‌ಪೋರ್ಟು, ಅಷ್ಟೆ. ನಾನು "ವಯಸ್ಸಾದವರು, ಸ್ವಲ್ಪ..." ಎಂದು ವಾಕ್ಯ ಮುಗಿಸುವ ಮೊದಲೇ ಅವನು ಪಕ್ಕಕ್ಕೆ ಸರಿದ. ಸರಿದದ್ದಲ್ಲದೆ ನಮ್ಮ ಸೂಟ್‌ಕೇಸನ್ನು ಒಂದೇ ಕೈಯಲ್ಲಿ ಎತ್ತಿ ತೂಕದ ಪಟ್ಟಿಯ ಮೇಲೆ ಇಟ್ಟ.

"ಮಾಮಾ ರಜೆಗೆ ಹೊರಟಿದ್ದಾರಾ?" ಎಂದು ಇಂಗ್ಲಿಷಿನಲ್ಲಿ ಕೇಳಿದ. ಅವರ ಕಡೆ ಹಿರಿಯ ಹೆಂಗಸರನ್ನು ಹಾಗೆ ಕರೆಯುತ್ತಾರೆಂದು ಆಮೇಲೆ ತಿಳಿಯಿತು.

"ಇಲ್ಲ, ಮಗಳ ಹೆರಿಗೆಗೆ."

"ನನ್ನ ಹೆಂಡತಿಗೂ ಮುಂದಿನ ತಿಂಗಳು. ಮೊದಲನೆಯದು," ಎಂದು ನಕ್ಕ. ತುವಾಲು ದೇಶದವನಂತೆ, ಹೆಸರು ಟವಿಟಾ. ಟೌರಂಗಾದ ಕಡೆ ಕಿವಿ ಹಣ್ಣಿನ ತೋಟದಲ್ಲಿ ಕೆಲಸಕ್ಕೆ ಬಂದವನು. ಹಿಂದಿನ ದಿನದ ವಿಮಾನ ರದ್ದಾಗಿ, ಬೆಳಿಗ್ಗೆಯಿಂದ ಎರಡು ಗಂಟೆ ಕಾಲ ಇನ್ನೊಂದು ಸಾಲಿನಲ್ಲಿ ನಿಂತು, ಟಿಕೆಟ್ಟನ್ನು ಈ ವಿಮಾನಕ್ಕೆ ಬದಲಿಸಿಕೊಂಡು ಆಗಷ್ಟೇ ಬಂದಿದ್ದ. ಸುವಾದಿಂದ ಮರುದಿನ ಹೊರಡುವ ಪುಟ್ಟ ವಿಮಾನವನ್ನು ಹಿಡಿದರೆ ಮನೆ. ಇದನ್ನೆಲ್ಲ ಅವನು ನನಗೆ ಹೇಳಿದ್ದು ಎಂಟು ಇಪ್ಪತ್ಮೂರಕ್ಕೆ. ಅಂದರೆ ಮುಂದಿನ ಏಳು ನಿಮಿಷ ನಾನು ಮಾಡಿದ್ದನ್ನೆಲ್ಲ ತಿಳಿದೇ ಮಾಡಿದೆ.

ಸೂಟ್‌ಕೇಸು ನಾಲ್ಕು ಕಿಲೋ ಹೆಚ್ಚಿತ್ತು. ಹೆಚ್ಚಿನ ತೂಕಕ್ಕೆ ಹಣ ಕಟ್ಟಿ ಎಂದಳು ಕೌಂಟರಿನವಳು. ಕಟ್ಟಿದ್ದರೆ ಅಲ್ಲಿಗೆ ಮುಗಿಯುತ್ತಿತ್ತು. ಆದರೆ ಸೂಟ್‌ಕೇಸನ್ನು ಜೋಡಿಸಿದವನು ನಾನು. ಮನೆಯಲ್ಲಿ ಬಚ್ಚಲುಮನೆಯ ತಕ್ಕಡಿಯ ಮೇಲೆ ಅದನ್ನು ಅಪ್ಪಿಕೊಂಡು ನಿಂತು, ನನ್ನ ತೂಕ ಕಳೆದು ಲೆಕ್ಕ ಹಾಕಿದವನೂ ನಾನು. ಲೆಕ್ಕದಲ್ಲಿ ನನ್ನ ತೂಕವನ್ನು ನಾಲ್ಕು ಕಿಲೋ ಹೆಚ್ಚಾಗಿ ಹಿಡಿದಿದ್ದೆ ಎಂದು ಒಪ್ಪಿಕೊಳ್ಳುವ ಬದಲು, ಸೂಟ್‌ಕೇಸನ್ನು ಇಳಿಸಿ ನೆಲದ ಮೇಲೆ ಬಿಚ್ಚಿದೆ. ಬಾಣಂತಿಯ ತಲೆಗೆ ಕಟ್ಟುವ ಹಳೇ ಸೀರೆ ಹರಿದ ಬಟ್ಟೆಗಳು, ಅಂಟಿನುಂಡೆಯ ಡಬ್ಬ, ಹರಳೆಣ್ಣೆ, ಕೂಸಿಗೆ ಹಾಲು ಕುಡಿಸುವ ಬೆಳ್ಳಿಯ ಒಳಲೆ. ಎಲ್ಲದರ ಕೆಳಗೆ, ಟವೆಲಿನಲ್ಲಿ ಸುತ್ತಿದ ಸಾಣೆಕಲ್ಲು. ಬಜೆ, ಜಾಯಿಕಾಯಿ ತೇಯ್ದು ಮಗುವಿಗೆ ನೆಕ್ಕಿಸಲು ಅತ್ತೆ ಮೈಸೂರಿನಿಂದ ತಂದಿದ್ದ ಕಲ್ಲು. ಅವರ ಇಬ್ಬರು ಮಕ್ಕಳಿಗೂ, ನಮ್ಮ ಅನನ್ಯಳಿಗೂ ಅದರಲ್ಲೇ ತೇಯ್ದದ್ದು.

"ಕಲ್ಲು ಬಿಟ್ಬಿಡಿ," ಎಂದರು ಅತ್ತೆ. "ಸುವಾದಲ್ಲಿ ಕಲ್ಲಿಗೇನು ಬರ. ಹಿಂದೆ ಆ ಮನುಷ್ಯ ಕಾಯ್ತಿದ್ದಾರೆ."

"ಎರಡೇ ನಿಮಿಷ ಅತ್ತೆ."

"ಅವರಿಗೂ ಹೆರಿಗೆಯ ಮನೆ ಅಂದ್ರಲ್ಲ?"

ಅವರಿಗೆ ಇಂಗ್ಲಿಷ್ ಬರುವುದಿಲ್ಲವೆಂದು ವೀಲ್‌ಚೇರ್ ತಂದವನು ನಾನು. ಆ ಮನುಷ್ಯ ಹೇಳಿದ್ದನ್ನು ಅವರು ಪೂರ್ತಿ ಕೇಳಿಸಿಕೊಂಡಿದ್ದರು. ನಾನು ಮಾತ್ರ ಬಟ್ಟೆಗಳನ್ನು ಅತ್ತೆಯ ಕೈಚೀಲಕ್ಕೆ ತುರುಕುತ್ತಿದ್ದೆ. ಕಡೆಗೆ ಒಂದು ಉಪಾಯ ಹೊಳೆಯಿತು. ವೀಲ್‌ಚೇರಿನಲ್ಲಿರುವವರ ಮಡಿಲನ್ನು ಯಾರೂ ತೂಗುವುದಿಲ್ಲ. ಸಾಣೆಕಲ್ಲನ್ನು ಅತ್ತೆಯ ಮಡಿಲಲ್ಲಿಟ್ಟು ಮೇಲೆ ಶಾಲು ಹೊದಿಸಿದೆ. ಸೂಟ್‌ಕೇಸು ಮುಚ್ಚಿದೆ, ತೂಕ ಸರಿಹೋಯಿತು. ಕೌಂಟರಿನವಳು ಬೋರ್ಡಿಂಗ್ ಪಾಸ್ ಕೊಟ್ಟಳು. ಗೆದ್ದವನಂತೆ ತಿರುಗಿ ಟವಿಟಾನಿಗೆ ದಾರಿ ಬಿಟ್ಟೆ. ಎಂಟೂವರೆ ದಾಟಿ ಒಂದು ನಿಮಿಷವಾಗಿತ್ತು.

"ಕ್ಷಮಿಸಿ, ಕಂಪ್ಯೂಟರ್ ಮುಚ್ಚಿಕೊಂಡಿದೆ," ಎಂದಳು ಅವಳು ಅವನಿಗೆ. "ನನ್ನ ಕೈಯಲ್ಲಿ ಏನೂ ಇಲ್ಲ. ಮಂಗಳವಾರ ಇನ್ನೊಂದು ವಿಮಾನವಿದೆ." ಅವಳು ಎರಡು ಫೋನ್ ಮಾಡಿದಳು. ಎರಡಕ್ಕೂ ಅತ್ತಲಿಂದ ಬಂದ ಉತ್ತರ ಅವಳ ಮುಖದಲ್ಲೇ ಕಂಡಿತು. ಟವಿಟಾ ಪಾಸ್‌ಪೋರ್ಟನ್ನು ಕೌಂಟರಿನ ಮೇಲೆ ಚಾಚಿದ ಕೈಯಲ್ಲೇ ಹಿಡಿದು ನಿಂತಿದ್ದ. ಹಿಂದಕ್ಕೆ ತೆಗೆದುಕೊಳ್ಳುವುದು ಮರೆತವನಂತೆ.

ಆಗ ಅತ್ತೆ ಎದ್ದು ನಿಂತರು.

ಎದ್ದ ರಭಸಕ್ಕೆ ಮಡಿಲಿನಿಂದ ಸಾಣೆಕಲ್ಲು ಜಾರಿ ನೆಲಕ್ಕೆ ಬಿತ್ತು. ಆ ಸದ್ದಿಗೆ ಪಕ್ಕದ ಸಾಲಿನವರೆಲ್ಲ ತಿರುಗಿ ನೋಡಿದರು. ಅವರು ನೋಡುತ್ತಿದ್ದಂತೆಯೇ ನನ್ನ ನಡೆಯಲಾರದ ಅತ್ತೆ ನಾಲ್ಕು ಹೆಜ್ಜೆ ನಡೆದು ಕೌಂಟರಿಗೆ ಹೋಗಿ, ತಮ್ಮ ಬೋರ್ಡಿಂಗ್ ಪಾಸನ್ನು ಅದರ ಮೇಲಿಟ್ಟು, ಟವಿಟಾನ ಕಡೆ ಕೈ ತೋರಿಸಿ, "ಹಿಮ್ ಗೋ. ಐ ಸ್ಟೇ," ಎಂದರು. ಆಮೇಲೆ ನನ್ನ ಕಡೆ ತಿರುಗಿ, "ಹೇಳಿ ಅವಳಿಗೆ, ನನ್ನ ಜಾಗದಲ್ಲಿ ಇವರನ್ನ ಕಳಿಸಲಿ. ಸುವಾದಲ್ಲಿ ಹೆರಿಗೆ ನಾನಿಲ್ಲದಿದ್ರೂ ಆಗುತ್ತೆ, ಅಲ್ಲಿ ಆಸ್ಪತ್ರೆ ಇದೆ," ಎಂದರು. ಕೌಂಟರಿನವಳು ಅತ್ತೆಯ ಕಾಲುಗಳನ್ನು ನೋಡಿದಳು. ಖಾಲಿ ವೀಲ್‌ಚೇರನ್ನು ನೋಡಿದಳು. ಆಮೇಲೆ ನನ್ನನ್ನು ನೋಡಿದಳು. ಟಿಕೆಟ್ಟು ಬಸ್ಸಿನ ಸೀಟಲ್ಲ, ಒಬ್ಬರದನ್ನು ಇನ್ನೊಬ್ಬರಿಗೆ ಕೊಡಲಾಗುವುದಿಲ್ಲ ಎಂದು ಅತ್ತೆಗೆ ಕನ್ನಡದಲ್ಲಿ ವಿವರಿಸಬೇಕಾದವನು ನಾನೇ.

ಟವಿಟಾ ಬಗ್ಗಿ ಸಾಣೆಕಲ್ಲನ್ನು ಎತ್ತಿಕೊಂಡ. ಮುಕ್ಕಾಗಿದೆಯೇ ಎಂದು ತಿರುಗಿಸಿ ನೋಡಿ, ಎರಡೂ ಕೈಗಳಲ್ಲಿ ಹಿಡಿದು ಅತ್ತೆಗೆ ಕೊಟ್ಟ. "ಹುಷಾರು ಮಾಮಾ," ಎಂದ. ಅತ್ತೆ ಬೋರ್ಡಿಂಗ್ ಪಾಸನ್ನು ವಾಪಸು ತೆಗೆದುಕೊಂಡು, ಕಲ್ಲನ್ನು ಎದೆಗೊತ್ತಿಕೊಂಡು ಒಳಗೆ ನಡೆದೇ ಹೋದರು. ನಾನು ಖಾಲಿ ವೀಲ್‌ಚೇರನ್ನು ತಳ್ಳಿಕೊಂಡು ಹೋಗಿ ಹಿಂದಿರುಗಿಸಿದೆ. ಹೋಗುವ ಮೊದಲು ಟವಿಟಾನ ಫೋನ್ ನಂಬರು ತೆಗೆದುಕೊಂಡು ನನ್ನದನ್ನೂ ಕೊಟ್ಟೆ, "ಏನಾದರೂ ಬೇಕಿದ್ದರೆ" ಎಂದು. ಅವನಿಗೆ ಬೇಕಿದ್ದದ್ದು ಆಗಷ್ಟೇ ರನ್‌ವೇ ಕಡೆಗೆ ಹೊರಡುವುದರಲ್ಲಿತ್ತು.

ಮಂಗಳವಾರದ ವಿಮಾನ ಹಾರಲಿಲ್ಲ. ಅದರ ಮುಂದಿನದೂ ಹಾರಲಿಲ್ಲ. ತುವಾಲು ಬಾಗಿಲು ಮುಚ್ಚಿತು, ಫಿಜಿ ಮುಚ್ಚಿತು, ನಾವೂ ಮುಚ್ಚಿಕೊಂಡೆವು. ನಾದಿನಿಗೆ ಗಂಡು ಮಗು ಹುಟ್ಟಿತು. ವಿಡಿಯೋ ಕರೆಯಲ್ಲಿ ಅತ್ತೆ ಬಜೆ ತೇಯುತ್ತಾ ಕೂತಿರುತ್ತಿದ್ದರು. ಮಗುವಿನ ಮುಖ ತೋರಿಸಿದ ಮೇಲೆ ತಪ್ಪದೆ ಒಂದೇ ಪ್ರಶ್ನೆ:

"ಅಳಿಯಂದಿರೇ, ಅವರಿಗೆ ವಿಮಾನ ಸಿಕ್ತಾ?"

"ಇನ್ನೂ ಇಲ್ಲ ಅತ್ತೆ."

"ಹೂಂ."

ಆ "ಹೂಂ" ವಾರಕ್ಕೊಮ್ಮೆ ಬರುತ್ತಿತ್ತು. ಬೈಗುಳವಾಗಿದ್ದರೆ ಎದುರು ಮಾತಾಡಬಹುದಿತ್ತು.

ಊರೂರಿಗೆ ಓಡಾಡಲು ಬಿಟ್ಟ ಮೇಲೆ ಒಂದು ಭಾನುವಾರ ವೀಣಾ ಪುಳಿಯೋಗರೆ ಕಟ್ಟಿಕೊಟ್ಟು, "ಹೋಗಿ ಬನ್ನಿ ರೀ, ಮನೇಲಿ ಕೂತು ನಿಟ್ಟುಸಿರು ಬಿಟ್ರೆ ಅವರಿಗೆ ಕೇಳಿಸಲ್ಲ," ಎಂದಳು. ಅನನ್ಯಳೊಂದಿಗೆ ಗುಡ್ಡ ದಾಟಿ ಟೌರಂಗಾಕ್ಕೆ ಹೋದೆ. ಟವಿಟಾ ಇನ್ನೂ ಏಳು ಜನರೊಂದಿಗೆ ತೋಟದ ಪಕ್ಕದ ಒಂದು ಮನೆಯಲ್ಲಿದ್ದ. ಮಗಳು ಹುಟ್ಟಿದ್ದಳು, ಫೋನಿನಲ್ಲಿ ತೋರಿಸಿದ. ತುವಾಲುವಿನಲ್ಲಿ ಇಂಟರ್‌ನೆಟ್ ನಿಧಾನ, ಆದ್ದರಿಂದ ಮಗು ಯಾವಾಗಲೂ ಅರ್ಧ ಅಳುವಿನಲ್ಲಿ ನಿಂತುಬಿಡುತ್ತಿತ್ತು. ಅದನ್ನು ಹೇಳಿ ಅವನೇ ನಕ್ಕ.

ದಾರಿಯುದ್ದಕ್ಕೂ ಅಭ್ಯಾಸ ಮಾಡಿಕೊಂಡು ಬಂದದ್ದನ್ನು ನಾನು ಹೇಳಿದೆ: ಅತ್ತೆಗೆ ನಡೆಯಲು ಬರುತ್ತಿತ್ತು, ನಾನು ನಿನಗೆ ಮೋಸ ಮಾಡಿದೆ.

"ಗೊತ್ತು," ಎಂದ. "ನೀವು ಬಾಗಿಲಿನಿಂದ ಬಂದಾಗ ನಾನು ಆ ಕಡೆಯ ಸಾಲಿನಲ್ಲಿದ್ದೆ. ಸೂಟ್‌ಕೇಸು ಎಳೆದುಕೊಂಡು ಮಾಮಾ ಮುಂದೆ ಬರುತ್ತಿದ್ದರು. ನೀವು ಫೋನ್ ನೋಡಿಕೊಂಡು ಹಿಂದೆ ಬರುತ್ತಿದ್ದಿರಿ."

"ಗೊತ್ತಿದ್ದೂ ಯಾಕೆ ದಾರಿ ಬಿಟ್ಟೆ?"

ಅವನಿಗೆ ನನ್ನ ಪ್ರಶ್ನೆಯೇ ಅರ್ಥವಾದಂತೆ ಕಾಣಲಿಲ್ಲ. "ಅವರಿಗೆ ವಯಸ್ಸಾಗಿದೆಯಲ್ಲ," ಎಂದ. "ಕೂತರೂ ವಯಸ್ಸು, ನಿಂತರೂ ವಯಸ್ಸು. ಸುಮ್ಮನೆ ಕೇಳಿದ್ದರೂ ಬಿಡುತ್ತಿದ್ದೆ." ಪುಳಿಯೋಗರೆಯ ಡಬ್ಬ ಮುಚ್ಚುತ್ತಾ, "ಆದರೆ ಆ ಕಲ್ಲು ಬಹಳ ಭಾರ ಇತ್ತು, ಬ್ರದರ್," ಎಂದು ಸೇರಿಸಿದ. ಅನನ್ಯ ಕಿಟಕಿಯ ಹೊರಗೆ ನೋಡುತ್ತಿದ್ದಳು.

ಟವಿಟಾ ಮನೆ ಸೇರುವ ಹೊತ್ತಿಗೆ ಅವನ ಮಗಳು ನಡೆಯುತ್ತಿದ್ದಳು. ಅವನು ಕಳಿಸಿದ ಫೋಟೋದಲ್ಲಿ ಅವನು ಮಂಡಿಯೂರಿ ಎರಡೂ ಕೈ ಚಾಚಿದ್ದಾನೆ. ಮಗು ಅಜ್ಜಿಯ ಲಂಗದ ಹಿಂದೆ ನಿಂತು, ಇವನ್ಯಾರು ಎಂದು ನೋಡುತ್ತಿದೆ. ಮೂರು ದಿನ ಹತ್ತಿರ ಬರಲಿಲ್ಲವಂತೆ. ನಾಲ್ಕನೆಯ ದಿನ ಬಂದು ಅವನ ಮೂಗು ಹಿಡಿದು ಎಳೆಯಿತಂತೆ. ಅತ್ತೆಗೆ ಫೋನ್ ಮಾಡಿ, "ಸಿಕ್ತು ಅತ್ತೆ, ವಿಮಾನ," ಎಂದೆ. ಅವರು, "ಮಗು ಅವರ ಹತ್ತಿರ ಬಂತಾ?" ಎಂದರು. ವಿಮಾನ ಸಿಗುವುದೇ ಕೊನೆಯ ಪ್ರಶ್ನೆ ಎಂದುಕೊಂಡಿದ್ದವನು ನಾನೊಬ್ಬನೇ.

ಕಳೆದ ತಿಂಗಳು ಅದೇ ನಿಲ್ದಾಣದಿಂದ ನಾನು ಮೈಸೂರಿಗೆ ಹೊರಟಿದ್ದೆ. ಬಲ ಮಂಡಿಗೆ ಶಸ್ತ್ರಚಿಕಿತ್ಸೆಯಾಗಿ ಆರು ವಾರವಾಗಿತ್ತು. ಕೈಯಲ್ಲಿ ಕೋಲು, ಮುಂದೆ ಉದ್ದನೆಯ ಸಾಲು. ಸಿಬ್ಬಂದಿಯ ಹೆಣ್ಣುಮಗಳೊಬ್ಬಳು ತಾನಾಗಿಯೇ ವೀಲ್‌ಚೇರ್ ತಳ್ಳಿಕೊಂಡು ಬಂದು, ಕೂತುಕೊಳ್ಳಿ ಎಂದಳು. ಬಿಡಲು ಬಂದಿದ್ದ ಅನನ್ಯ ನನ್ನ ಕಡೆ ನೋಡಲಿಲ್ಲ, ನನ್ನ ಮಂಡಿಯ ಕಡೆ ನೋಡಿದಳು. "ಬೇಡ, ನಾನು ನಡೆಯುತ್ತೇನೆ," ಎಂದೆ. ಐವತ್ತು ನಿಮಿಷ ನಿಂತೆ. ನಿಜವಾಗಿಯೂ ನೋವಿತ್ತು, ಆದರೆ ನಂಬುವವರು ಯಾರೂ ಜೊತೆಗಿರಲಿಲ್ಲ.

ಇದಿಷ್ಟು ನಡೆದದ್ದು. ಇದರಲ್ಲಿ ನಾನು ಏನಾದರೂ ನನ್ನ ಪರವಾಗಿ ತಿರುಚಿದ್ದರೆ ತಿದ್ದಲು ಸಾಕ್ಷಿಗಳಿದ್ದಾರೆ. ಕೌಂಟರಿನ ಹೆಣ್ಣುಮಗಳ ಹೆಸರು ನನಗೆ ಗೊತ್ತಿಲ್ಲ; ಅವಳಿಗೆ ನನ್ನ ಮುಖ ಗೊತ್ತಿದೆ. ಮಗಳು ಅನನ್ಯ ರೊಟೊಟೂನದಲ್ಲಿ, ನನ್ನ ಪಕ್ಕದ ಕೋಣೆಯಲ್ಲೇ ಇದ್ದಾಳೆ. ಟವಿಟಾ ತುವಾಲುವಿನ ಫುನಾಫುಟಿಯಲ್ಲಿದ್ದಾನೆ, ಮಗಳನ್ನು ಶಾಲೆಗೆ ಬಿಡುತ್ತಾನೆ. ಅತ್ತೆ ಸರೋಜಮ್ಮ ಮೈಸೂರಿನಲ್ಲಿ ಈಗಲೂ ದಿನಕ್ಕೆ ಎರಡು ಹೊತ್ತು ವಾಕಿಂಗ್ ಹೋಗುತ್ತಾರೆ.